ಓರೆಯಲ್ಲಿ ನೋಡಿದರೆ ಬಣ್ಣ ಬದಲಿಸುವ ಪರದೆ: ಲ್ಯಾಪ್‌ಟಾಪ್ ಮುಂದೆ ಕಣ್ಣಿಗೆ ಹಿತವಾಗಿ ಕೂರುವುದು ಹೇಗೆ?

ಕಳೆದ ಆಟಿ ತಿಂಗಳ ಒಂದು ರಾತ್ರಿ. ಹೊರಗೆ ಜಡಿಮಳೆ. ಚಾವಡಿಯಲ್ಲಿ ನಾವು ಏಳೆಂಟು ಜನ ನನ್ನ ಲ್ಯಾಪ್‌ಟಾಪಿನ ಸುತ್ತ ಸೇರಿ ಯಕ್ಷಗಾನ ನೋಡುತ್ತಿದ್ದೆವು. ಎದುರಿಗೆ ಕುರ್ಚಿಯಲ್ಲಿ ಕೂತ ನನಗೆ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಕೆಳಗೆ ಚಾಪೆಯಲ್ಲಿ ಕೂತಿದ್ದ ಅತ್ತೆಗೆ ಮಾತ್ರ ದೇವೇಂದ್ರನ ಮುಖ ಕಪ್ಪು ಕಪ್ಪು, ಕಣ್ಣಿನ ಕಾಡಿಗೆ ಬೆಳ್ಳಗೆ. ಹಳೆಯ ಫೋಟೋದ ನೆಗೆಟಿವ್ ನೋಡಿದ ಹಾಗೆ. ಹಿಂದೆ ಬಾಗಿಲಿಗೆ ಒರಗಿ ನಿಂತಿದ್ದ ಭಾವ, "ಇದೇನು, ವೇಷಕ್ಕೆಲ್ಲ ಸುಣ್ಣ ಹೊಡೆದಿದ್ದಾರಾ?" ಎಂದರು. ಆಟ ಒಂದೇ, ಪರದೆ ಒಂದೇ. ನೋಡುವವರಿಗೆ ಮೂರು ತರ.

ಅದೇ ಲ್ಯಾಪ್‌ಟಾಪಿನಲ್ಲಿ ನಾನು ದಿನಕ್ಕೆ ಆರೇಳು ಗಂಟೆ ಕೆಲಸ ಮಾಡುತ್ತೇನೆ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನಲ್ಲಿ ಬ್ರಹ್ಮಕಲಶೋತ್ಸವ, ಗೃಹಪ್ರವೇಶ, ಮದುವೆ ಎಂದರೆ ಆಮಂತ್ರಣ ಪತ್ರಿಕೆ ಬೇಕಲ್ವಾ? ಅದರ ಅಕ್ಷರ ಜೋಡಿಸುವುದು, ಕರಡು ತಿದ್ದುವುದು, ಮಲಯಾಳದ ನೋಟೀಸುಗಳನ್ನು ಕನ್ನಡಕ್ಕೆ ಮಾಡಿಕೊಡುವುದು ನನ್ನ ಹೊಟ್ಟೆಪಾಡು. ಸಂಜೆಯಾಗುವಾಗ ಕಣ್ಣು ಉರಿ, ಹಣೆ ಭಾರ, ಕುತ್ತಿಗೆ ಹಿಡಿದುಕೊಂಡ ಹಾಗೆ. ಕನ್ನಡಕದ ಪವರ್ ಹೆಚ್ಚಾಗಿರಬೇಕು ಅಂತ ಡಾಕ್ಟರ ಹತ್ತಿರ ಹೋದೆ. ಪವರ್ ಏನೂ ಬದಲಾಗಿಲ್ಲ ಎಂದರು. "ಕೂರುವುದು ಹೇಗೆ, ತೋರಿಸಿ" ಎಂದರು. ಕೂತು ತೋರಿಸಿದೆ. ಬೆನ್ನು ಬಿಲ್ಲು, ಗದ್ದ ಮುಂದೆ. ಪರದೆಯ ಸರಿಯಾದ ಬಣ್ಣ ಹುಡುಕಿಕೊಂಡು ನಾನು ನನ್ನ ಮೈಯನ್ನೇ ಬಗ್ಗಿಸುತ್ತಿದ್ದೆ ಅಂತ ಆಗ ಗೊತ್ತಾಯಿತು.

ಇಂಥ ಪರದೆಗೆ ಚೆನ್ನಾಗಿ ಕಾಣುವ ಜಾಗ ಒಂದೇ ಒಂದು. ಆ ಜಾಗ ಹುಡುಕಿಕೊಂಡು ನಾವು ಬಗ್ಗಿದರೆ ಕುತ್ತಿಗೆ ಹೋಯಿತು. ಅದನ್ನೇ ನಮ್ಮ ಕಣ್ಣಿದ್ದಲ್ಲಿಗೆ ತರಿಸಿಕೊಳ್ಳಬೇಕು. ಕೆಳಗೆ ಹೇಳಿರುವುದರಲ್ಲಿ ಹೆಚ್ಚಿನದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಹೀಗೇಕಾಗುತ್ತದೆ?

ಕಂಗಿನ, ಅಂದರೆ ಅಡಿಕೆ ಮರದ ತೋಟದಲ್ಲಿ ಸಾಲಿಗೆ ನೇರ ನಿಂತು ನೋಡಿ. ಆಚೆಯ ಗುಡ್ಡದವರೆಗೂ ಕಾಣುತ್ತದೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಬರೀ ಮರವೇ ಮರ. ಮರ ಕದಲಿಲ್ಲ, ನೋಡುವ ಕೋನ ಬದಲಾಯಿತು ಅಷ್ಟೇ. ಕಡಿಮೆ ಬೆಲೆಯ ಲ್ಯಾಪ್‌ಟಾಪ್ ಪರದೆಯ ಒಳಗೂ ಹೆಚ್ಚುಕಡಿಮೆ ಇದೇ ಕಥೆ.

ಇವನ್ನು ಟಿಎನ್ ಪರದೆ ಎನ್ನುತ್ತಾರೆ, ಪೂರ್ತಿ ಹೆಸರು ಟ್ವಿಸ್ಟೆಡ್ ನೆಮ್ಯಾಟಿಕ್. 1970ರ ಡಿಸೆಂಬರಿನಲ್ಲಿ ಮಾರ್ಟಿನ್ ಶಾಟ್ ಮತ್ತು ವೋಲ್ಫ್‌ಗಾಂಗ್ ಹೆಲ್‌ಫ್ರಿಶ್ ಎಂಬಿಬ್ಬರು ಸ್ವಿಟ್ಜರ್ಲೆಂಡಿನಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದರು. ಕೈಗಡಿಯಾರ, ಕ್ಯಾಲ್ಕುಲೇಟರ್ ದಾಟಿ ಲ್ಯಾಪ್‌ಟಾಪಿಗೂ ಬಂತು. ಎರಡು ಗಾಜಿನ ನಡುವೆ ದ್ರವ ಹರಳಿನ ಕಡ್ಡಿಗಳು ಸುರುಳಿ ಮೆಟ್ಟಿಲಿನ ಹಾಗೆ 90 ಡಿಗ್ರಿ ತಿರುಚಿಕೊಂಡು ಮಲಗಿರುತ್ತವೆ. ವಿದ್ಯುತ್ ಕೊಟ್ಟರೆ ಎದ್ದು ನಿಲ್ಲುತ್ತವೆ, ಬೆಳಕಿಗೆ ದಾರಿ ಮುಚ್ಚುತ್ತದೆ. ಬೂದು, ಚರ್ಮದ ಬಣ್ಣ, ತಿಳಿ ಹಳದಿಯಂಥ ನಡುವಿನ ಬಣ್ಣ ಬೇಕಾದಾಗ ಕಡ್ಡಿಗಳು ಅರ್ಧ ಎದ್ದು, ಎಲ್ಲವೂ ಒಂದೇ ಕಡೆಗೆ ವಾಲಿ ನಿಲ್ಲುತ್ತವೆ. ಆಗ ಮೇಲಿನಿಂದ ನೋಡುವವನಿಗೆ ಅವುಗಳ ಒಂದು ಮಗ್ಗುಲು, ಕೆಳಗಿನಿಂದ ನೋಡುವವನಿಗೆ ಇನ್ನೊಂದು ಮಗ್ಗುಲು. ಅದಕ್ಕೇ ಮೇಲಿನಿಂದ ಎಲ್ಲ ಬಿಳಚಿಕೊಳ್ಳುತ್ತದೆ, ಕೆಳಗಿನಿಂದ ಕಪ್ಪಾಗಿ ತಿರುಗುಮುರುಗಾಗುತ್ತದೆ. ಎಡಬಲದಲ್ಲಿ ಅಷ್ಟು ಕಾಟ ಇಲ್ಲ.

1996ರಲ್ಲಿ ಹಿಟಾಚಿ ಮಾರುಕಟ್ಟೆಗೆ ತಂದ ಐಪಿಎಸ್ ಪರದೆಯಲ್ಲಿ ಇದೇ ಕಡ್ಡಿಗಳು ಏಳುವುದೇ ಇಲ್ಲ. ಗಡಿಯಾರದ ಮುಳ್ಳಿನ ಹಾಗೆ ಮಲಗಿದಲ್ಲೇ ತಿರುಗುತ್ತವೆ. ಯಾವ ಕಡೆಯಿಂದ ನೋಡಿದರೂ ಬಣ್ಣ ಜಾಸ್ತಿ ಕೆಡುವುದಿಲ್ಲ.

ಹೆಜ್ಜೆ 1: ನಿಮ್ಮದು ಯಾವ ಪರದೆ?

ಪೇಂಟ್ ತೆರೆದು ಇಡೀ ಹಾಳೆಗೆ ನಡುಬೂದು ಬಣ್ಣ ಸುರಿಯಿರಿ. ಪರದೆ ತುಂಬುವಷ್ಟು ದೊಡ್ಡದು ಮಾಡಿ. ಎದುರು ಕೂತು ನೋಡಿ. ಮೇಲಿನ ಅಂಚು ಕಪ್ಪಗೆ, ಕೆಳಗಿನ ಅಂಚು ಬೆಳ್ಳಗೆ ಕಾಣುತ್ತಿದೆಯಾ? ಈಗ ಎದ್ದು ನಿಂತು ನೋಡಿ. ಆಮೇಲೆ ಕುಕ್ಕರುಗಾಲಲ್ಲಿ ಕೂತು ನೋಡಿ. ಬೂದು ಬಣ್ಣ ನಿಮ್ಮ ಜೊತೆಗೇ ಏರಿಳಿದರೆ ಅದು ಟಿಎನ್. ಕದಲದೆ ಇದ್ದರೆ ಐಪಿಎಸ್ ಅಥವಾ ಅದರ ತಮ್ಮ.

ಎದುರೇ ಕೂತರೂ ಮೇಲೆ ಕೆಳಗೆ ಬೇರೆ ಬೇರೆ ಯಾಕೆ? ಒಂದು ಸಣ್ಣ ಲೆಕ್ಕ. 15.6 ಇಂಚಿನ ಪರದೆಯ ಎತ್ತರ ಸುಮಾರು 19.4 ಸೆಂಟಿಮೀಟರ್. 50 ಸೆಂಟಿಮೀಟರ್ ದೂರದಿಂದ ನೋಡುವಾಗ ಮೇಲಿನ ಅಂಚಿಗೂ ಕೆಳಗಿನ ಅಂಚಿಗೂ ನಿಮ್ಮ ಕಣ್ಣಿನಿಂದ 22 ಡಿಗ್ರಿ ವ್ಯತ್ಯಾಸ ಬೀಳುತ್ತದೆ. 40ಕ್ಕೆ ಬಗ್ಗಿದರೆ ಅದು 27 ಡಿಗ್ರಿ. 70ಕ್ಕೆ ಹಿಂದೆ ಸರಿದರೆ 16. ಅಂದರೆ ಸರಿಯಾಗಿ ಕಾಣುತ್ತಿಲ್ಲ ಅಂತ ಹತ್ತಿರ ಹೋದಷ್ಟೂ ಪರದೆ ಇನ್ನಷ್ಟು ಕೆಡುತ್ತದೆ. ನಾನು ವರ್ಷಗಟ್ಟಲೆ ಮಾಡಿದ ತಪ್ಪು ಇದೇ.

ಪರದೆಯ ಗುರುತು ಬೇಕಿದ್ದರೆ ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆರೆದು, ಮಾನಿಟರ್ಸ್ ಒಳಗೆ ಹೋಗಿ, ಪ್ರಾಪರ್ಟೀಸ್‌ನ ಡೀಟೇಲ್ಸ್ ಪುಟದಲ್ಲಿ ಹಾರ್ಡ್‌ವೇರ್ ಐಡೀಸ್ ಆರಿಸಿ. ಅಲ್ಲಿ ಸಿಗುವ ಸಂಖ್ಯೆಯನ್ನು ಹುಡುಕಿದರೆ ಸಾಮಾನ್ಯವಾಗಿ ಪರದೆಯ ಜಾತಕ ಸಿಗುತ್ತದೆ.

ಕಚೇರಿಯಿಂದ ಕೊಟ್ಟ ಲ್ಯಾಪ್‌ಟಾಪ್ ಆದರೆ ಇನ್ನೊಂದು ಸಂಗತಿ. ಕೆಲವದರಲ್ಲಿ ಪಕ್ಕದವರಿಗೆ ಕಾಣಬಾರದು ಅಂತಲೇ ಕೋನ ಕಿರಿದು ಮಾಡುವ ಪ್ರೈವೆಸಿ ಸ್ಕ್ರೀನ್ ಇರುತ್ತದೆ. ಎಚ್‌ಪಿಯಲ್ಲಿ ಅದರ ಹೆಸರು ಶ್ಯೂರ್ ವ್ಯೂ. ಅದಕ್ಕೆ ಮೇಲಿನ ಸಾಲಿನಲ್ಲಿ ಒಂದು ಕೀ ಇದೆ. ಕೈತಪ್ಪಿ ಒತ್ತಿಬಿಟ್ಟು ಪರದೆ ಹಾಳಾಯಿತು ಅಂತ ರಿಪೇರಿಗೆ ಹೊರಡಬೇಡಿ.

ಹೆಜ್ಜೆ 2: ಕನ್ನಡಿ ಇಟ್ಟು ಕೋನ ಹಿಡಿಯಿರಿ

ಪರದೆಯನ್ನು ಸುಮ್ನೆ ಅಂದಾಜಿನಲ್ಲಿ ಹಿಂದೆ ಮುಂದೆ ಮಾಡಬೇಡಿ. ಒಂದು ಸಣ್ಣ ಕನ್ನಡಿ ತನ್ನಿ, ಬ್ಯಾಗಿನಲ್ಲಿ ಇಟ್ಟುಕೊಳ್ಳುವಂಥದ್ದು ಸಾಕು. ನೀವು ಮಾಮೂಲಾಗಿ ಕೂರುವ ಹಾಗೆ ಬೆನ್ನು ಒರಗಿಸಿ ಕೂತು, ಕನ್ನಡಿಯನ್ನು ಪರದೆಯ ನಡುವಿಗೆ ಚಪ್ಪಟೆಯಾಗಿ ತಾಗಿಸಿ ಹಿಡಿಯಿರಿ. ಕನ್ನಡಿಯಲ್ಲಿ ನಿಮ್ಮ ಕಣ್ಣು ನಿಮಗೇ ಕಾಣಬೇಕು. ಮಾಡಿನ ಹಂಚು ಕಂಡರೆ ಪರದೆ ಜಾಸ್ತಿ ಹಿಂದೆ ವಾಲಿದೆ. ಅಂಗಿಯ ಗುಂಡಿ ಕಂಡರೆ ಜಾಸ್ತಿ ಮುಂದೆ ಬಂದಿದೆ. ಕಣ್ಣು ಕಂಡಲ್ಲಿಗೆ ನಿಲ್ಲಿಸಿ. ಈಗ ನೋಟ ಪರದೆಗೆ ನೇರ ಬೀಳುತ್ತಿದೆ ಎಂದರ್ಥ. ಹೊಳಪಿನ ಪರದೆಯಾದರೆ ಕನ್ನಡಿಯೂ ಬೇಡ, ಆರಿಸಿದ ಪರದೆಯಲ್ಲೇ ಮುಖ ಕಾಣುತ್ತದೆ.

ಆಮೇಲೆ ಬೂದು ಹಾಳೆಯನ್ನು ಮತ್ತೆ ತೆರೆದು ಒಂದೆರಡು ಡಿಗ್ರಿ ಆಚೀಚೆ ಮಾಡಿ, ಮೇಲೆ ಕೆಳಗೆ ಆದಷ್ಟು ಒಂದೇ ತರ ಕಾಣುವಲ್ಲಿಗೆ ತನ್ನಿ. ಆ ಕೋನದಲ್ಲಿ ಹಿಂಜಿನ ಪಕ್ಕ ಪೆನ್ಸಿಲಿನಿಂದ ಒಂದು ಗುರುತು ಹಾಕಿಕೊಂಡಿದ್ದೇನೆ. ನನ್ನ ಮಗಳು ಆನ್‌ಲೈನ್ ಕ್ಲಾಸಿಗೆ ಅಂತ ತಿರುಗಿಸಿಟ್ಟು ಹೋದರೂ ಮತ್ತೆ ಹುಡುಕಬೇಕಾಗಿಲ್ಲ.

ಈಗ ಎತ್ತರ. ಮೇಜಿನ ಮೇಲೆ ಹಾಗೇ ಇಟ್ಟ ಲ್ಯಾಪ್‌ಟಾಪನ್ನು ನಾವು ಸುಮಾರು 30 ಡಿಗ್ರಿ ತಗ್ಗಿ ನೋಡುತ್ತೇವೆ ಅಂತಿಟ್ಟುಕೊಳ್ಳಿ. ಆಗ ಪರದೆಯೂ 30 ಡಿಗ್ರಿ ಹಿಂದೆ ವಾಲಬೇಕು, ಅಂದರೆ ಕೀಬೋರ್ಡಿನಿಂದ 120 ಡಿಗ್ರಿ ತೆರೆಯಬೇಕು. ತೆರೆದೀತು. ಆದರೆ ಹಾಗೆ ವಾಲಿದ ಪರದೆ ಮಾಡಿನ ಟ್ಯೂಬ್‌ಲೈಟನ್ನೆಲ್ಲ ಹಿಡಿದು ಮುಖಕ್ಕೆ ಹೊಡೆಯುತ್ತದೆ, ಕುತ್ತಿಗೆಯೂ ತಗ್ಗಿಯೇ ಇರುತ್ತದೆ. ನಾಲ್ಕೈದು ಇಂಚು ಎತ್ತರಿಸಿದರೆ ನೋಟ 15 ಡಿಗ್ರಿ ಆಸುಪಾಸಿಗೆ ಬರುತ್ತದೆ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗೆ. ಪರದೆ ಒಂದು ತೋಳಿನ ದೂರದಲ್ಲಿ, ಅಂದರೆ 50ರಿಂದ 70 ಸೆಂಟಿಮೀಟರ್.

ಎತ್ತರಿಸಲು ಸ್ಟ್ಯಾಂಡೇ ಬೇಕೆಂದಿಲ್ಲ. ನಾನು ಇಟ್ಟಿರುವುದು ಅಜ್ಜಿಯ ಕಾಲದ ಹಲಸಿನ ಮಣೆ, ಅದರ ಕೆಳಗೆ ಎರಡು ಹಳೆಯ ದಪ್ಪ ಪುಸ್ತಕ. ಗಟ್ಟಿ, ಅಲುಗಾಡುವುದಿಲ್ಲ, ಕೆಳಗಿನ ಗಾಳಿಯ ತೂತುಗಳೂ ಮುಚ್ಚುವುದಿಲ್ಲ. ಊಟಕ್ಕೆ ಕೂರಲು ಈಗ ಯಾರೂ ಮಣೆ ಕೇಳುವುದಿಲ್ಲ, ಹಾಗಾಗಿ ಜಗಳವಿಲ್ಲ. ಎತ್ತರಿಸಿದ ಮೇಲೆ ಬೇರೆ ಕೀಬೋರ್ಡು, ಮೌಸು ಮಾತ್ರ ಬೇಕೇ ಬೇಕು. ಅಷ್ಟೆತ್ತರದ ಕೀಲಿಗಳನ್ನು ಒತ್ತಲು ಹೋದರೆ ಕುತ್ತಿಗೆಯ ನೋವು ಭುಜಕ್ಕೆ ಇಳಿಯುತ್ತದೆ ಅಷ್ಟೇ. ಈ ಇಡೀ ಏರ್ಪಾಡಿಗೆ ನಾನು ದುಡ್ಡು ಕೊಟ್ಟದ್ದು ಇವೆರಡಕ್ಕೇ.

ಬೈಫೋಕಲ್ ಅಥವಾ ಪ್ರೋಗ್ರೆಸಿವ್ ಕನ್ನಡಕ ಹಾಕುವವರಿಗೆ ಈ ಮಾತು ಉಲ್ಟಾ. ಹತ್ತಿರ ನೋಡುವ ಪವರ್ ಗಾಜಿನ ಕೆಳಭಾಗದಲ್ಲಿರುತ್ತದೆ. ಪರದೆ ಎತ್ತರವಾದರೆ ಗದ್ದ ಎತ್ತಿ ಎತ್ತಿ ನೋಡಬೇಕಾಗುತ್ತದೆ. ನೀವು ಕೆಳಗೇ ಇಟ್ಟು, ಹಿಂದಕ್ಕೆ ವಾಲಿಸಿ, ಕನ್ನಡಿ ಪರೀಕ್ಷೆ ಮಾಡಿ.

ಇಬ್ಬರು ಸೇರಿ ನೋಡುವಾಗ ಅಕ್ಕಪಕ್ಕ ಕೂರಿ, ಹಿಂದೆ ಮುಂದೆ ಬೇಡ. ಟಿಎನ್ ಪರದೆ ಎಡಬಲಕ್ಕೆ ಸೈರಿಸುತ್ತದೆ, ಮೇಲೆ ಕೆಳಗೆ ಸೈರಿಸುವುದಿಲ್ಲ. ಕುಳ್ಳಗಿನ ಮಕ್ಕಳಿಗೆ ತಲೆದಿಂಬು ಹಾಕಿ ಕಣ್ಣುಗಳನ್ನು ಒಂದೇ ಎತ್ತರಕ್ಕೆ ತನ್ನಿ. ಹಾಸಿಗೆಯಲ್ಲಿ ಮಲಗಿಕೊಂಡು ಹೊಟ್ಟೆಯ ಮೇಲೆ ಇಟ್ಟು ನೋಡುವವರಿಗೆ ನನ್ನ ಬಳಿ ಮದ್ದಿಲ್ಲ.

ಹೆಜ್ಜೆ 3: ಅಂಗಳದ ಬಿಸಿಲು, ಮಳೆಗಾಲದ ಕತ್ತಲು

ನಮ್ಮ ಮನೆಗಳ ಜಗಲಿ ಕೂರಲು ಚಂದ, ಲ್ಯಾಪ್‌ಟಾಪಿಗೆ ಅಲ್ಲ. ಡಿಸೆಂಬರ್ ದಾಟಿ ಅಂಗಳದಲ್ಲಿ ಅಡಿಕೆ ಹರಡಿದ ಮೇಲಂತೂ ಹತ್ತು ಗಂಟೆಗೇ ಕಣ್ಣು ಬಿಡಲಾಗದಷ್ಟು ಬೆಳಕು ತಿರುಗಿ ಬರುತ್ತದೆ. ಅಂಗಳಕ್ಕೆ ಬೆನ್ನು ಹಾಕಿ ಕೂತರೆ ಆ ಬೆಳಕು ಪರದೆಯ ಮೇಲೆ. ಅಂಗಳಕ್ಕೆ ಮುಖ ಮಾಡಿ ಕೂತರೆ ಪರದೆಯ ಹಿಂದೆ ಬಿಸಿಲು, ಮುಂದೆ ಕಪ್ಪು ಅಕ್ಷರ. ಕಣ್ಣು ಯಾವುದಕ್ಕೆ ಹೊಂದಿಕೊಳ್ಳಬೇಕು? ಟಿಎನ್ ಪರದೆಯಲ್ಲಿ ಕಪ್ಪು ಮೊದಲೇ ಬೂದು. ಅದರ ಮೇಲೆ ಇಷ್ಟು ಬೆಳಕು ಬಿದ್ದರೆ ಅಕ್ಷರ ತೇಲಿಹೋಗುತ್ತದೆ.

ಕಿಟಕಿ ನಿಮ್ಮ ಎಡಕ್ಕೋ ಬಲಕ್ಕೋ ಇರಲಿ. ಪರದೆ ಕಿಟಕಿಗೆ ಲಂಬವಾಗಿರಲಿ. ನಾನು ಜಗಲಿ ಬಿಟ್ಟು ಒಳಗಿನ ಕೋಣೆಯ ಉತ್ತರದ ಕಿಟಕಿಯ ಪಕ್ಕಕ್ಕೆ ಬಂದೆ. ಪರದೆ ಆರಿಸಿ ಒಮ್ಮೆ ನೋಡಿ. ಅದರಲ್ಲಿ ಏನೇನು ಮಿನುಗುತ್ತದೋ, ಬಾಗಿಲು, ಬಲ್ಬು, ಬಿಳಿ ಅಂಗಿ, ಅದೆಲ್ಲ ದಿನವಿಡೀ ನಿಮ್ಮ ಅಕ್ಷರದ ಮೇಲೆ ಕೂತಿರುತ್ತದೆ.

ಜೂನ್, ಜುಲೈಯಲ್ಲಿ ಇದಕ್ಕೆ ತದ್ವಿರುದ್ಧ. ನಡುಹಗಲಲ್ಲೂ ಒಳಗೆ ಕತ್ತಲು. ಆಗ ದೀಪ ಹಾಕದೆ ಪರದೆಯ ಬೆಳಕಿನಲ್ಲೇ ಕೆಲಸ ಮಾಡುವ ಅಭ್ಯಾಸ ಬೇಡ. ಪರದೆಯ ಹಿಂದಿನ ಗೋಡೆಗೆ ಬೆಳಕು ಬೀಳುವ ಹಾಗೆ ಒಂದು ಸಣ್ಣ ದೀಪ ಇಟ್ಟರೆ ಸಾಕು, ನೇರ ಕಣ್ಣಿಗೆ ಹೊಡೆಯಬಾರದು ಅಷ್ಟೇ.

ಹೆಜ್ಜೆ 4: ಬಿಳಿ ಹಾಳೆ ಪಕ್ಕದಲ್ಲಿಟ್ಟು ಬೆಳಕು ಹದ ಮಾಡಿ

ಖಾಲಿ ಡಾಕ್ಯುಮೆಂಟ್ ತೆರೆಯಿರಿ. ಪಕ್ಕದಲ್ಲಿ ಒಂದು ಬಿಳಿ ಹಾಳೆ ಹಿಡಿಯಿರಿ. ಪರದೆ ದೀಪದ ಹಾಗೆ ಉರಿಯುತ್ತಿದ್ದರೆ ಬ್ರೈಟ್‌ನೆಸ್ ಇಳಿಸಿ. ಕೊಳೆ ಬಟ್ಟೆಯ ಹಾಗೆ ಕಂಡರೆ ಏರಿಸಿ. ಎರಡೂ ಒಂದೇ ತರ ಬಿಳಿ ಕಾಣುವಲ್ಲಿಗೆ ನಿಲ್ಲಿಸಿ. ಬೆಳಗ್ಗೆ ಒಮ್ಮೆ, ದೀಪ ಹಾಕಿದ ಮೇಲೆ ಒಮ್ಮೆ ಹೀಗೆ ಮಾಡಿ. ಎಷ್ಟು ಶೇಕಡಾ ಇಡಬೇಕು ಅಂತ ನನ್ನನ್ನು ಕೇಳುವವರಿಗೆ ನಾನು ಹಾಳೆ ಕೊಡುತ್ತೇನೆ.

ಕರೆಂಟ್ ಹೋದ ಕೂಡಲೇ ಪರದೆ ತಾನೇ ಮಂಕಾಗುತ್ತದೆ ಅಲ್ವಾ? ಬ್ಯಾಟರಿ ಉಳಿಸುವ ಹಂಚಿಕೆ ಅದು. ಅದಲ್ಲದೆ ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ ಒಳಗೆ ಬ್ರೈಟ್‌ನೆಸ್‌ನ ಕೆಳಗೆ, ಪರದೆಯಲ್ಲಿರುವ ಚಿತ್ರಕ್ಕೆ ತಕ್ಕಂತೆ ಬೆಳಕು ಬದಲಿಸುವ ಆಯ್ಕೆ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಇದೆ. ಅದನ್ನು ಆಫ್ ಮಾಡಿ. ಟಿಎನ್ ಪರದೆಯಲ್ಲಿ ಮೊದಲೇ ಬಣ್ಣ ನಂಬುವ ಹಾಗಿಲ್ಲ. ಅದರ ಮೇಲೆ ಯಂತ್ರವೂ ತನ್ನ ಬುದ್ಧಿ ಓಡಿಸಿದರೆ ನಮ್ಮ ಗತಿಯೇನು?

ಕೋನ, ಬೆಳಕು ಎರಡೂ ಸರಿಯಾದ ಮೇಲೆಯೂ ಎಲ್ಲ ಬಿಳಚಾಗಿ ಕಂಡರೆ, ಸ್ಟಾರ್ಟ್ ಮೆನುವಿನಲ್ಲಿ ಕ್ಯಾಲಿಬ್ರೇಟ್ ಡಿಸ್‌ಪ್ಲೇ ಕಲರ್ ಎಂದು ಹುಡುಕಿ. ಅದು ತೋರಿಸುವ ಚಿತ್ರ ನೋಡುತ್ತಾ ಗಾಮಾ, ಅಂದರೆ ನಡುವಿನ ಬಣ್ಣಗಳ ಬೆಳಕು, ಸ್ವಲ್ಪ ಹೊಂದಿಸಿಕೊಳ್ಳಿ. ಈ ಕೆಲಸವನ್ನು ಮೊದಲು ಮಾಡಿದರೆ ತಪ್ಪು ಕೋನಕ್ಕೆ ಸರಿಯಾಗುವ ಬಣ್ಣ ಸಿಗುತ್ತದೆ, ಅಷ್ಟೇ.

ಇನ್ನೊಂದು ಪರೀಕ್ಷೆ. ಕೆಲವು ಪರದೆಗಳು ಬೆಳಕು ಇಳಿಸಿದಾಗ ನಿಜಕ್ಕೂ ಮಂಕಾಗುವುದಿಲ್ಲ. ಸೆಕೆಂಡಿಗೆ ನೂರಾರು ಸಲ ಆರಿ ಹತ್ತುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಆದರೆ ಕೆಲವರಿಗೆ ತಲೆನೋವು ಬರುತ್ತದೆ. ಕತ್ತಲ ಕೋಣೆಯಲ್ಲಿ, ಬ್ರೈಟ್‌ನೆಸ್ ಕಡಿಮೆ ಮಾಡಿ, ಬಿಳಿ ಪರದೆಯ ಮುಂದೆ ಪೆನ್ಸಿಲನ್ನು ಬೀಸಣಿಗೆಯ ಹಾಗೆ ಜೋರಾಗಿ ಆಡಿಸಿ. ಒಂದೇ ಮಸುಕು ಗೆರೆ ಕಂಡರೆ ಸರಿ. ಬಿಡಿಬಿಡಿಯಾಗಿ ಹತ್ತಾರು ಪೆನ್ಸಿಲ್ ಕಂಡರೆ ಪರದೆ ಮಿಟುಕುತ್ತಿದೆ. ಹಾಗಿದ್ದರೆ ಬ್ರೈಟ್‌ನೆಸ್ ಜಾಸ್ತಿಯೇ ಇಟ್ಟು, ಕೋಣೆಯ ಬೆಳಕನ್ನು ಅದಕ್ಕೆ ತಕ್ಕಂತೆ ಹೆಚ್ಚಿಸಿಕೊಳ್ಳಿ.

ಹೆಜ್ಜೆ 5: ಕನ್ನಡ ಅಕ್ಷರಕ್ಕೆ ಜಾಗ ಕೊಡಿ

ಮೂರು ವರ್ಷದ ಹಿಂದೆ ನಮ್ಮೂರ ಹತ್ತಿರದ ಒಂದು ದೇವಸ್ಥಾನದ ಜೀರ್ಣೋದ್ಧಾರಕ್ಕೆ ನಾನು ಮನವಿ ಪತ್ರ ಮಾಡಿಕೊಟ್ಟೆ. ಕರಡನ್ನು ಮೂರು ಸಲ ಓದಿದೆ, ಪರದೆಯಲ್ಲೇ. ಐನೂರು ಪ್ರತಿ ಅಚ್ಚಾಯಿತು. ಮೊದಲ ಪ್ರತಿ ತೆಗೆದುಕೊಂಡ ಹಿರಿಯರೊಬ್ಬರು ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದರು: "ಭಕ್ತಾದಿಗಳು ಯಥಾಶಕ್ತಿ ದನಸಹಾಯ ಮಾಡಬೇಕಾಗಿ ವಿನಂತಿ." ಓದಿ ನನ್ನ ಮುಖ ನೋಡಿದರು. "ಹಟ್ಟಿಯಲ್ಲಿ ಒಂದು ಕರು ಇದೆ, ಆದೀತಾ?"

ಧ ಅಕ್ಷರದ ಹೊಟ್ಟೆ ಸೀಳು ಬಿಟ್ಟುಹೋಗಿತ್ತು. ಟೈಪ್ ಮಾಡಿದ ತಪ್ಪು ನನ್ನದೇ. ಆದರೆ ಮೂರು ಸಲ ಓದಿದರೂ ಸಿಕ್ಕದೆ ಹೋದದ್ದಕ್ಕೆ ಕಾರಣ ಇದೆ. 15.6 ಇಂಚಿನಲ್ಲಿ 1366 ಅಡ್ಡ, 768 ಉದ್ದ ಚುಕ್ಕೆಗಳಿರುವ ಪರದೆಯಲ್ಲಿ ಒಂದು ಇಂಚಿಗೆ ಸಿಗುವುದು ಸುಮಾರು 100 ಚುಕ್ಕೆ. 11 ಪಾಯಿಂಟ್ ಅಕ್ಷರಕ್ಕೆ ಎತ್ತರದಲ್ಲಿ ಹದಿನೈದು ಚುಕ್ಕೆಯೂ ಪೂರ್ತಿ ಇಲ್ಲ. ಅಷ್ಟರೊಳಗೆ ಮೇಲೆ ಗುಡಿಸು, ನಡುವೆ ಅಕ್ಷರ, ಕೆಳಗೆ ಒತ್ತು, ಕೆಲವೊಮ್ಮೆ ರಾಷ್ಟ್ರ ಎಂಬಲ್ಲಿಯ ಹಾಗೆ ಒತ್ತಿಗೊಂದು ಒತ್ತು. ದ ಮತ್ತು ಧ, ಪ ಮತ್ತು ಫ, ಡ ಮತ್ತು ಢ ನಡುವಿನ ವ್ಯತ್ಯಾಸಕ್ಕೆ ಉಳಿಯುವುದು ಒಂದೆರಡು ಚುಕ್ಕೆ. ಆ ಚುಕ್ಕೆಗಳೂ ಕಪ್ಪಲ್ಲ, ಬೂದು. ಟಿಎನ್ ಪರದೆ ಮೊದಲು ತಿನ್ನುವುದು ಬೂದನ್ನೇ ಅಂತ ಆಗಲೇ ಹೇಳಿದೆನಲ್ಲ. ಇಂಗ್ಲಿಷ್ ಅಕ್ಷರ ಇಷ್ಟು ಕಲಸಿಹೋಗುವುದಿಲ್ಲ. ಕಾಸರಗೋಡಿನ ನಮಗೆ ಒಂದೇ ಪುಟದಲ್ಲಿ ಕನ್ನಡ, ಮಲಯಾಳ, ಇಂಗ್ಲಿಷ್ ಮೂರೂ ಇರುತ್ತವೆ. ಅಳತೆಯನ್ನು ಇಂಗ್ಲಿಷಿಗೆ ಇಟ್ಟರೆ ಕನ್ನಡ ಓದುವಾಗ ಕಣ್ಣು ಕಿರಿದಾಗುತ್ತದೆ. ಗಮನಿಸಿ ನೋಡಿ.

ಆದ್ದರಿಂದ ಕನ್ನಡಕ್ಕೆ ಕನಿಷ್ಠ 14 ಪಾಯಿಂಟ್ ಇಡಿ. ಸಾಲುಗಳ ನಡುವೆ ಒಂದೂವರೆಯಷ್ಟು ಅಂತರ ಕೊಡಿ. ಒತ್ತಕ್ಷರ ಕೆಳಗಿನ ಸಾಲಿನ ತಲೆಗೆ ಮುಟ್ಟಬಾರದು. ಬ್ರೌಸರಿನಲ್ಲಿ ಕಂಟ್ರೋಲ್ ಹಿಡಿದು ಪ್ಲಸ್ ಒತ್ತಿ 125ಕ್ಕೋ 150ಕ್ಕೋ ತನ್ನಿ. ವಿಂಡೋಸ್‌ನಲ್ಲಿ ಎಲ್ಲವೂ ಸಣ್ಣದಾಗಿ ಕಂಡರೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಸ್ಕೇಲ್ 125 ಮಾಡಿ. ರೆಸಲ್ಯೂಶನ್ ಮಾತ್ರ ಇಳಿಸಬೇಡಿ, ಅಕ್ಷರ ದೊಡ್ಡದಾದರೂ ಅಂಚು ಕದಡುತ್ತದೆ. ಸ್ಟಾರ್ಟ್ ಮೆನುವಿನಲ್ಲಿ ಕ್ಲಿಯರ್‌ಟೈಪ್ ಹುಡುಕಿ, ಅದು ತೋರಿಸುವ ಮಾದರಿಗಳಲ್ಲಿ ಕಣ್ಣಿಗೆ ಒಗ್ಗುವುದನ್ನು ಆರಿಸಿ. ಓದಲು ನಿರ್ಮಲಾ ಯುಐ ಅಥವಾ ನೋಟೋ ಸಾನ್ಸ್ ಕನ್ನಡದಂಥ ಒಂದೇ ದಪ್ಪದ ಗೆರೆಯ ಫಾಂಟ್ ಒಳ್ಳೆಯದು. ಸಪೂರ, ದಪ್ಪ ಬೆರೆತ ಅಲಂಕಾರದ ಫಾಂಟ್‌ಗಳನ್ನು ಅಚ್ಚಿಗೆ ಇಟ್ಟುಕೊಳ್ಳಿ.

ಮಕ್ಕಳ ಶಾಲೆಯ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಬದಲು ಇರುವುದು ಕೇರಳದ ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಕೈಟ್ ಸಂಸ್ಥೆಯವರ ಲಿನಕ್ಸ್, ಉಬುಂಟು ಮೇಲೆ ಕಟ್ಟಿದ್ದು. ಅದರಲ್ಲೂ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಯಲ್ಲಿ ಲಾರ್ಜ್ ಟೆಕ್ಸ್ಟ್ ಎಂಬುದು ಇದೆ. ಒಂದು ಕ್ಲಿಕ್ಕಿನ ಕೆಲಸ.

ಕಪ್ಪು ಹಿನ್ನೆಲೆಯ ಡಾರ್ಕ್ ಮೋಡ್ ಕಣ್ಣಿಗೆ ತಂಪು ಅಂತ ಎಲ್ಲರೂ ಹೇಳುತ್ತಾರೆ. ಒಳ್ಳೆಯ ಪರದೆಯಲ್ಲಿ, ರಾತ್ರಿಯಲ್ಲಿ ಇರಬಹುದು. ಟಿಎನ್‌ನಲ್ಲಿ ಆ ಕಪ್ಪು ಅರ್ಧ ಬೂದು, ಅರ್ಧ ನೀಲಿ, ಕೋನ ತಪ್ಪಿದರೆ ಇನ್ನೇನೋ. ಅದರ ಮೇಲೆ ಒತ್ತಕ್ಷರ ಹುಡುಕುವುದು ನನಗಂತೂ ಹಿಂಸೆ. ಬಿಳಿ ಹಾಳೆಗಿಂತ ಸ್ವಲ್ಪ ಕೆನೆ ಬಣ್ಣದ ಹಿನ್ನೆಲೆ, ಅದರ ಮೇಲೆ ಕಪ್ಪು ಅಕ್ಷರ. ನಾನು ನಿಂತದ್ದು ಅಲ್ಲಿ.

ಅಚ್ಚಿಗೆ ಹೋಗುವುದನ್ನು ಈಗ ಕಾಗದದ ಮೇಲೆ ತೆಗೆದೇ ಓದುತ್ತೇನೆ.

ಹೆಜ್ಜೆ 6: ಕಣ್ಣಿಗೂ ಮೂರನೇ ಕಂಗಿಗೂ ನಂಟು

20 ನಿಮಿಷಕ್ಕೊಮ್ಮೆ 20 ಅಡಿ ದೂರದ್ದನ್ನು 20 ಸೆಕೆಂಡು ನೋಡಿ ಎನ್ನುವ ಸೂತ್ರ ನೀವೂ ಕೇಳಿರಬಹುದು. 20 ಅಡಿ ಎಂದರೆ ಎಷ್ಟು ಅಂತ ಅಳೆಯುವವರು ಯಾರು? ನಮ್ಮ ಕಡೆ ಅದು ಸುಲಭ. ಅಡಿಕೆಗೆ ಇಲ್ಲಿಯ ತೋಟಬೆಳೆ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಹೇಳುವ ಅಂತರ 2.7 ಮೀಟರ್, ಅಂದರೆ ಸುಮಾರು 9 ಅಡಿ. ಮೊದಲ ಮರದಿಂದ ಮೂರನೇ ಮರಕ್ಕೆ 18 ಅಡಿ. ಕಿಟಕಿಯಿಂದ ಮೂರನೇ ಕಂಗನ್ನು ದಾಟಿ ನೋಡಿದರೆ ಲೆಕ್ಕ ಸರಿಯಾಯಿತು. ಸೋಗೆ ಎಣಿಸಿ, ಹಿಂಗಾರ ಬಿಟ್ಟಿದೆಯಾ ನೋಡಿ. ಫೋನ್ ನೋಡಿದರೆ ಮಾತ್ರ ಆ 20 ಸೆಕೆಂಡು ಲೆಕ್ಕಕ್ಕಿಲ್ಲ.

ಕಣ್ಣು ಉರಿಯಲು ದೊಡ್ಡ ಕಾರಣ ರೆಪ್ಪೆ ಮಿಟುಕಿಸದೆ ಇರುವುದು. ಮಾತನಾಡುವಾಗ ನಿಮಿಷಕ್ಕೆ ಹದಿನೈದಿಪ್ಪತ್ತು ಸಲ ಮಿಟುಕಿಸುವವರು ಪರದೆಯ ಮುಂದೆ ಅದರ ಅರ್ಧಕ್ಕೆ, ಅದಕ್ಕೂ ಕೆಳಗೆ ಇಳಿಯುತ್ತೇವೆ. ಕಣ್ಣಿನ ಪಸೆ ಒಣಗುತ್ತದೆ. ಮಾರ್ಚ್‌ನಿಂದ ಮೇವರೆಗೆ ಫ್ಯಾನ್ ಇಲ್ಲದೆ ಇಲ್ಲಿ ಕೂರಲಾಗುವುದಿಲ್ಲ. ಆದರೆ ಟೇಬಲ್ ಫ್ಯಾನನ್ನು ಮುಖಕ್ಕೆ ತಿರುಗಿಸಬೇಡಿ, ಬೆನ್ನಿಗೆ ತಿರುಗಿಸಿ. ಪ್ಯಾರಾ ಮುಗಿದಾಗಲೆಲ್ಲ ಒಮ್ಮೆ ಪೂರ್ತಿ ಕಣ್ಣು ಮುಚ್ಚಿ ತೆರೆಯುವ ಅಭ್ಯಾಸ ಮಾಡಿಕೊಂಡಿದ್ದೇನೆ. ನಾಲ್ಕು ದಿನ ನೆನಪಿಟ್ಟು ಮಾಡಬೇಕು, ಆಮೇಲೆ ತಾನೇ ಬರುತ್ತದೆ.

ನೀಲಿ ಬೆಳಕು ತಡೆಯುವ ಕನ್ನಡಕಕ್ಕೆ ದುಡ್ಡು ಹಾಕುವ ಮೊದಲು ಯೋಚಿಸಿ. 2023ರಲ್ಲಿ ಕೊಕ್ರೇನ್ ಸಂಸ್ಥೆ 17 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿತು. ಸ್ವಲ್ಪ ಕಾಲದ ಬಳಕೆಯಲ್ಲಿ ಅಂಥ ಗಾಜಿನಿಂದ ಕಣ್ಣಿನ ಆಯಾಸ ಕಡಿಮೆಯಾಗುವ ಸಂಭವ ಕಡಿಮೆ ಎಂದೇ ಕಂಡುಬಂತು. ರಾತ್ರಿ ಪರದೆ ಹಳದಿ ಮಾಡುವ ನೈಟ್ ಲೈಟ್ ವಿಂಡೋಸ್‌ನಲ್ಲೂ ಉಬುಂಟುವಿನಲ್ಲೂ ಪುಕ್ಕಟೆ ಇದೆ. ಹಿತ ಅನ್ನಿಸಿದರೆ ಹಾಕಿಕೊಳ್ಳಿ.

ನಲವತ್ತು ದಾಟಿದವರು ಕಣ್ಣಿನ ಡಾಕ್ಟರಿಗೆ ಪರದೆ ಎಷ್ಟು ದೂರ ಇಡುತ್ತೀರಿ ಅಂತ ಅಳೆದುಕೊಂಡು ಹೋಗಿ ಹೇಳಿ. ಓದುವ ಕನ್ನಡಕವನ್ನು ಸಾಮಾನ್ಯವಾಗಿ ಪುಸ್ತಕ ಹಿಡಿಯುವ ದೂರಕ್ಕೆ, ಸುಮಾರು 40 ಸೆಂಟಿಮೀಟರಿಗೆ ಕೊಡುತ್ತಾರೆ. ನಿಮ್ಮ ಪರದೆ 60ರಲ್ಲಿದ್ದರೆ ಆ ಕನ್ನಡಕ ನಿಮ್ಮನ್ನು ಮುಂದೆ ಎಳೆಯುತ್ತಲೇ ಇರುತ್ತದೆ. ವಸ್ತುಗಳು ಎರಡಾಗಿ ಕಾಣುವುದು, ಕಣ್ಣಿನೊಳಗೆ ನೋವು, ಮಿಂಚು ಹೊಡೆದ ಹಾಗಾಗುವುದು, ದೃಷ್ಟಿ ಒಮ್ಮೆಗೇ ಮಂಜಾಗುವುದು, ಇವು ಪರದೆಯ ದೋಷವಲ್ಲ. ಕಾಯದೆ ಡಾಕ್ಟರ ಹತ್ತಿರ ಹೋಗಿ.

ಹೆಜ್ಜೆ 7: ಹೊಸದು ಕೊಳ್ಳುವಾಗ

ಕಾಸರಗೋಡಿನಲ್ಲೇ ಕೊಳ್ಳಿ, ಮಂಗಳೂರಿಗೇ ಹೋಗಿ. ಅಂಗಡಿಯಲ್ಲಿ ನಾಚಿಕೆ ಬಿಟ್ಟು ಒಮ್ಮೆ ಎದ್ದು ನಿಂತು, ಒಮ್ಮೆ ಕುಕ್ಕರುಗಾಲಲ್ಲಿ ಕೂತು ಪರದೆ ನೋಡಿ. ಅಂಗಡಿಯ ಹುಡುಗ ನಕ್ಕರೆ ನಗಲಿ. ಪ್ರೊಸೆಸರ್, ರ‍್ಯಾಮ್ ಎಲ್ಲ ದಪ್ಪಕ್ಷರದಲ್ಲಿ ಬರೆದು ಪರದೆಯ ವಿಷಯ ಬರೆಯದೆ ಬಿಟ್ಟಿದ್ದರೆ ನನಗೆ ಅನುಮಾನ ಶುರುವಾಗುತ್ತದೆ.

ಚೀಟಿಯಲ್ಲಿ ಐಪಿಎಸ್ ಅಥವಾ ಡಬ್ಲ್ಯುವಿಎ ಅಂತ ಇದ್ದರೆ ಒಳ್ಳೆಯದು. ಎಸ್‌ವಿಎ ಎಂದಿದ್ದರೆ ಮೋಸ ಹೋಗಬೇಡಿ, ಅದು ಸ್ಟ್ಯಾಂಡರ್ಡ್ ವ್ಯೂಯಿಂಗ್ ಆಂಗಲ್, ಅಂದರೆ ಟಿಎನ್‌ಗೆ ಇಟ್ಟ ಮುದ್ದಿನ ಹೆಸರು. ನೋಡುವ ಕೋನ 178 ಡಿಗ್ರಿ ಎಂಬ ಅಂಕಿಯನ್ನೂ ಅಷ್ಟಕ್ಕೇ ನಂಬಿ. ಬಿಳಿ ಕಪ್ಪುಗಳ ನಡುವಿನ ಕಾಂಟ್ರಾಸ್ಟ್ 10:1ಕ್ಕೆ ಇಳಿಯುವವರೆಗೂ ಅದು ಕಾಣುತ್ತದೆ ಅಂತಲೇ ಲೆಕ್ಕ. ಚೆನ್ನಾಗಿ ಕಾಣುತ್ತದೆ ಅಂತ ಅಲ್ಲ. ಬೆಳಕು 250 ನಿಟ್ಸ್ ಮನೆಯೊಳಗೆ ಸಾಕು, ಜಗಲಿಗೆ 300ಕ್ಕಿಂತ ಜಾಸ್ತಿ ಬೇಕು. ಪರದೆ ಎಷ್ಟು ಬಣ್ಣ ತೋರಿಸಬಲ್ಲದು ಎಂಬುದಕ್ಕೆ ಎನ್‌ಟಿಎಸ್‌ಸಿ, ಎಸ್‌ಆರ್‌ಜಿಬಿ ಎಂಬ ಅಳತೆಗಳಿವೆ. 45 ಶೇಕಡಾ ಎನ್‌ಟಿಎಸ್‌ಸಿ ಎಂದರೆ ಐಪಿಎಸ್ ಆದರೂ ಬಣ್ಣ ಸಪ್ಪೆ. ಅಚ್ಚಿನ ಕೆಲಸಕ್ಕೆ 72 ಶೇಕಡಾ ಅಥವಾ ಪೂರ್ತಿ ಎಸ್‌ಆರ್‌ಜಿಬಿ ಕೇಳಿ. ಚುಕ್ಕೆಗಳು 1920ಕ್ಕೆ 1080 ಇರಲಿ, ಆಗ 15.6 ಇಂಚಿನಲ್ಲಿ ಇಂಚಿಗೆ 141 ಚುಕ್ಕೆ. ಧ ಧವಾಗಿಯೇ ಇರುತ್ತದೆ. ಒಎಲ್‌ಇಡಿ ಪರದೆ ಎಲ್ಲ ಕಡೆಯಿಂದಲೂ ಚಂದ, ಆದರೆ ಹಲವು ಮಿಟುಕುವ ಜಾತಿಯವು. ಪೆನ್ಸಿಲ್ ಜೇಬಿನಲ್ಲಿಟ್ಟುಕೊಂಡೇ ಹೋಗಿ.

ಇರುವ ಲ್ಯಾಪ್‌ಟಾಪ್ ಚೆನ್ನಾಗಿದ್ದರೆ ಪರದೆಯನ್ನಷ್ಟೇ ಐಪಿಎಸ್‌ಗೆ ಬದಲಿಸಿಕೊಡುವವರಿದ್ದಾರೆ. ಕೇಬಲ್ಲಿನ ಪಿನ್ ಸಂಖ್ಯೆ, ಅಳತೆ, ಸ್ಕ್ರೂ ಕೂರುವ ಕಿವಿ ಎಲ್ಲ ಹೊಂದಬೇಕು. ಪರದೆಯ ಹಿಂದಿನ ಚೀಟಿಯ ಫೋಟೋ ತೆಗೆದು ತೋರಿಸಿ ಕೇಳಿ. ಮನೆಯಲ್ಲೇ ಕೂತು ಕೆಲಸ ಮಾಡುವವರಿಗೆ ಅದಕ್ಕಿಂತ ಒಂದು ಐಪಿಎಸ್ ಮಾನಿಟರ್ ತಂದು ಎಚ್‌ಡಿಎಂಐ ಕೇಬಲ್ ಹಾಕುವುದೇ ಲೇಸು ಅಂತ ನನ್ನ ಅಭಿಪ್ರಾಯ. ಎತ್ತರದ ಸಮಸ್ಯೆಯೂ ಅಲ್ಲಿಗೇ ಮುಗಿಯುತ್ತದೆ.

ಯಕ್ಷಗಾನಕ್ಕೆ ಮಾನಿಟರ್ ಕೂಡ ಬೇಡ, ಮನೆಯ ಟಿವಿ ಸಾಕು. ಅದೇ ಕೇಬಲ್ಲನ್ನು ಟಿವಿಗೆ ಸಿಕ್ಕಿಸಿ, ವಿಂಡೋಸ್ ಕೀ ಹಿಡಿದು ಪಿ ಒತ್ತಿ, ಡೂಪ್ಲಿಕೇಟ್ ಆರಿಸಿ. ಚೆಂಡೆಯ ಸದ್ದೂ ಟಿವಿಯಿಂದಲೇ ಬರುತ್ತದೆ. ಬಾರದಿದ್ದರೆ ಕೆಳಗಿನ ಸ್ಪೀಕರ್ ಗುರುತು ಒತ್ತಿ ಟಿವಿಯ ಹೆಸರು ಆರಿಸಿ. ಕಿರೀಟದ ತುದಿ ಕತ್ತರಿಸಿಹೋದ ಹಾಗೆ ಕಂಡರೆ ಟಿವಿಯ ಪಿಕ್ಚರ್ ಸೆಟ್ಟಿಂಗಿನಲ್ಲಿ ಜಸ್ಟ್ ಸ್ಕ್ಯಾನ್ ಅಥವಾ ಸ್ಕ್ರೀನ್ ಫಿಟ್ ಅಂತ ಇರುತ್ತದೆ, ಅದನ್ನು ಹಾಕಿ.